ಯುದ್ಧಭೂಮಿಗೆ ಮೂರು ದಿನ: ಕಲ್ಲಿನ ಮೇಲೆ ಯಾರ ಹೆಸರಿದೆ?

ಬರುವ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ನನಗೆ ಮೂರು ದಿನ ಬಿಡುವು ಸಿಗುತ್ತದೆ. ನಾನು ಓದುತ್ತಿರುವುದು ಜರ್ಮನಿಯ ಪಶ್ಚಿಮದ ಅಂಚಿನ ಆಹೆನ್ ನಗರದಲ್ಲಿ. ಬೆಲ್ಜಿಯಂ ಗಡಿ ಇಲ್ಲಿಂದ ಸಿಟಿ ಬಸ್ಸಿನಷ್ಟು ದೂರ. ಜೊತೆಯ ಹುಡುಗರು ಪ್ಯಾರಿಸ್‌ಗೆ ಹೊರಟಿದ್ದಾರೆ. ಐಫೆಲ್ ಗೋಪುರದ ಎದುರು ನಿಂತ ಫೋಟೊ ಊರಿಗೆ ಕಳಿಸದಿದ್ದರೆ ಯುರೋಪಿಗೆ ಬಂದದ್ದೇ ಸುಳ್ಳು ಅನ್ನುವವರು ಅವರು. ನಾನು ಮಾತ್ರ ಬೆಲ್ಜಿಯಂನ ಈಪ್ರ ಎಂಬ ಪಟ್ಟಣಕ್ಕೂ ಫ್ರಾನ್ಸ್‌ನ ನವ್ ಶಪೆಲ್ ಎಂಬ ಹಳ್ಳಿಗೂ ರೈಲು ಹುಡುಕುತ್ತಿದ್ದೇನೆ. ಎರಡೂ ಮೊದಲನೇ ಮಹಾಯುದ್ಧದಲ್ಲಿ ನೆಲಸಮವಾಗಿ ಮತ್ತೆ ಎದ್ದ ಊರುಗಳು.

ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ, ‘ರಜೆ ಅಂತ ಸಿಕ್ಕಿದ್ದೇ ಮೂರು ದಿನ, ಅದರಲ್ಲಿ ಸ್ಮಶಾನ ನೋಡೋಕೆ ಹೋಗ್ತೀಯಾ?’ ಎಂದಳು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ಇತಿಹಾಸಕ್ಕಿಂತ ಹೆಚ್ಚಾಗಿ ಈ ವರ್ಷದ ಸುದ್ದಿಗಳೇ ಎದುರಾದವು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಇಲ್ಲಿನ ಹವಾ ಹೇಳುತ್ತೇನೆ. ಉಕ್ರೇನ್ ಯುದ್ಧ ಶುರುವಾದಾಗಿನಿಂದ ಯುರೋಪಿನ ಮಾತೆಲ್ಲ ರಕ್ಷಣಾ ಬಜೆಟ್ಟಿನದೇ. ಜರ್ಮನಿ 2011ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಬದಿಗಿಟ್ಟಿತ್ತು. ಕಳೆದ ಡಿಸೆಂಬರ್‌ನಲ್ಲಿ ಇಲ್ಲಿನ ಸಂಸತ್ತು ಹೊಸ ಸೇವಾ ಕಾಯ್ದೆಯನ್ನು ಒಪ್ಪಿತು. ಅದರಂತೆ 2008ರಲ್ಲಿ ಮತ್ತು ಆನಂತರ ಹುಟ್ಟಿದವರಿಗೆ 18 ತುಂಬುತ್ತಿದ್ದಂತೆ ಒಂದು ಪ್ರಶ್ನಾವಳಿ ಮನೆಗೆ ಬರುತ್ತದೆ. ‘ಸೇನೆಗೆ ಸೇರುವ ಮನಸ್ಸಿದೆಯೇ, ದೇಹ ಗಟ್ಟಿಯಿದೆಯೇ’ ಎಂಬಂಥ ಪ್ರಶ್ನೆಗಳು. ಹುಡುಗರು ತುಂಬಿ ಕಳಿಸಲೇಬೇಕು, ಹುಡುಗಿಯರಿಗೆ ಇಷ್ಟವಿದ್ದರೆ ಸರಿ. ಸದ್ಯಕ್ಕೆ ಸೇರುವುದು ಐಚ್ಛಿಕ. ಸೇರಿದವರಿಗೆ ತಿಂಗಳಿಗೆ ಸುಮಾರು 2,600 ಯೂರೋ ಸಂಬಳ. ಕಾಯ್ದೆ ಪಾಸಾದ ದಿನ ಶಾಲಾ ಮಕ್ಕಳು ಹಲವು ನಗರಗಳಲ್ಲಿ ತರಗತಿ ಬಿಟ್ಟು ಬೀದಿಗೆ ಬಂದು ಪ್ರತಿಭಟಿಸಿದರು.

ಇದೇ ಹೊತ್ತಿನಲ್ಲಿ ಇನ್ನೊಂದು ಬೆಳವಣಿಗೆಯೂ ನಡೆಯುತ್ತಿದೆ. ಹಳೆಯ ಯುದ್ಧದ ಸ್ಮಶಾನಗಳು ವಿಶ್ವ ಪರಂಪರೆಯಾಗಿವೆ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ, ಬೆಲ್ಜಿಯಂ ಮತ್ತು ಫ್ರಾನ್ಸ್‌ನಲ್ಲಿ ಹರಡಿರುವ ಮೊದಲನೇ ಮಹಾಯುದ್ಧದ 139 ಸ್ಮಶಾನ–ಸ್ಮಾರಕಗಳನ್ನು ಪಟ್ಟಿಗೆ ಸೇರಿಸಿತು. ನಮ್ಮ ಹಂಪಿ, ಪಟ್ಟದಕಲ್ಲು, ಅದೇ ತಿಂಗಳು ಸೇರಿದ ಹೊಯ್ಸಳ ದೇಗುಲಗಳು ಇರುವ ಪಟ್ಟಿಯೇ ಅದು. ಇದು ಸಲೀಸಾಗಿ ಆದದ್ದಲ್ಲ. 2018ರಲ್ಲಿ ಇದೇ ಪ್ರಸ್ತಾವ ಬಂದಾಗ, ಕೊಂದದ್ದರ ಮತ್ತು ಸತ್ತದ್ದರ ನೆನಪಿನ ಜಾಗಗಳನ್ನು ಬೇಲೂರು–ಹಳೇಬೀಡಿನಂಥ ಕಲೆಯ ಸಾಲಿನಲ್ಲಿ ಕೂರಿಸಬಹುದೇ ಎಂಬ ಅನುಮಾನ ಎದ್ದು, ತೀರ್ಮಾನ ಮುಂದಕ್ಕೆ ಹೋಗಿತ್ತು. ಆ ಅನುಮಾನದಲ್ಲಿ ಹುರುಳಿತ್ತು ಎಂದೇ ನನ್ನ ಅನಿಸಿಕೆ. ಯಾವ ಸ್ಮಾರಕವೂ ಬರೀ ನೆನಪಲ್ಲ. ಯಾರನ್ನು ನೆನೆಯಬೇಕು ಎಂದು ಯಾರೋ ಒಬ್ಬರು ಮಾಡಿದ ಆಯ್ಕೆ.

ಭಾರತವೂ ಈ ಆಯ್ಕೆಯ ಆಟಕ್ಕೆ ಇಳಿದಿದೆ. 2015ರ ಏಪ್ರಿಲ್‌ನಲ್ಲಿ ಪ್ರಧಾನಿ ಮೋದಿ ನವ್ ಶಪೆಲ್‌ಗೆ ಹೋದರು. 2017ರ ಜುಲೈನಲ್ಲಿ ಇಸ್ರೇಲಿನ ಹೈಫಾ ಸ್ಮಶಾನಕ್ಕೆ ಹೋದರು. 2018ರ ನವೆಂಬರ್‌ನಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉತ್ತರ ಫ್ರಾನ್ಸ್‌ನ ವಿಲೆರ್ ಗಿಲೆಯಲ್ಲಿ ಭಾರತವೇ ಕಟ್ಟಿಸಿದ ಸ್ಮಾರಕವನ್ನು ಉದ್ಘಾಟಿಸಿದರು. 2025ರ ಫೆಬ್ರುವರಿಯಲ್ಲಿ ಮೋದಿ ಮತ್ತು ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್ ಇಬ್ಬರೂ ಮಾರ್ಸೆ ನಗರದ ಮಜಾರ್ಗ್ ಸ್ಮಶಾನದಲ್ಲಿ ಹೂವಿಟ್ಟರು. ಅದೇ ಭೇಟಿಯಲ್ಲಿ ಅಣುಶಕ್ತಿ, ರಕ್ಷಣೆ, ಕೃತಕ ಬುದ್ಧಿಮತ್ತೆಯ ಮಾತುಕತೆಗಳೂ ನಡೆದವು. ಸತ್ತವರು ರಾಜತಾಂತ್ರಿಕತೆಗೂ ಒದಗುತ್ತಾರೆ. ಇದನ್ನು ಕೊಂಕಾಗಿ ಹೇಳುತ್ತಿಲ್ಲ, ನೂರು ವರ್ಷ ಯಾರೂ ತಿರುಗಿ ನೋಡದೆ ಇದ್ದದ್ದಕ್ಕಿಂತ ಇದು ವಾಸಿ.

ಹಾಗಾದರೆ ಅಲ್ಲಿ ಮಲಗಿರುವವರು ಯಾರು? ಮಾರ್ಸೆಯಿಂದಲೇ ಶುರುಮಾಡಬೇಕು. 1914ರ ಸೆಪ್ಟೆಂಬರ್ 26ರಂದು ಭಾರತೀಯ ಸೇನೆಯ ಮೊದಲ ತಂಡಗಳು ಆ ಬಂದರಿನಲ್ಲಿ ಇಳಿದವು. ಲಾಹೋರ್ ಮತ್ತು ಮೀರಠ್ ಡಿವಿಷನ್‌ಗಳು. ಹೆಚ್ಚಿನವರು ಪಂಜಾಬ್, ವಾಯವ್ಯ ಗಡಿ, ಗಢವಾಲ್, ನೇಪಾಳದ ಹಳ್ಳಿಗಳವರು. ಸಿಪಾಯಿಯ ಮೂಲ ಸಂಬಳ ತಿಂಗಳಿಗೆ 11 ರೂಪಾಯಿ. ಒಂದೇ ತಿಂಗಳಲ್ಲಿ ಅವರನ್ನು ಈಪ್ರ ಸುತ್ತಿನ ಕಂದಕಗಳಿಗೆ ತಳ್ಳಲಾಯಿತು. ಬಿಸಿಲು ನಾಡಿನ ಬಟ್ಟೆಯಲ್ಲೇ ಫ್ಲಾಂಡರ್ಸ್‌ನ ಚಳಿಗಾಲವನ್ನು ಎದುರುಗೊಂಡವರೂ ಇದ್ದರು. ಅಕ್ಟೋಬರ್ 31ರಂದು ಹಾಲೆಬೆಕ್ ಎಂಬ ಹಳ್ಳಿಯ ಬಳಿ, 129ನೇ ಬಲೂಚಿ ದಳದ ಖುದಾದಾದ್ ಖಾನ್ ಗಾಯಗೊಂಡರೂ ಮಷಿನ್ ಗನ್ ಬಿಡದೆ ಹೋರಾಡಿದ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಅವನೇ. ಅವನ ಜೊತೆ ಆ ಗನ್ನಿನ ಹಿಂದೆ ಇದ್ದವರೆಲ್ಲ ಸತ್ತರು. ಪದಕದ ಕತೆ ಹೇಳುವಾಗ ಆ ಸಂಗಡಿಗರ ಹೆಸರನ್ನು ನಾನು ಎಲ್ಲೂ ಓದಿದ್ದಿಲ್ಲ.

ಮರುವರ್ಷದ ಮಾರ್ಚ್ 10ರಿಂದ 13ರವರೆಗೆ ನವ್ ಶಪೆಲ್ ಕದನ. ಬ್ರಿಟಿಷರು ತಾವಾಗಿ ಯೋಜಿಸಿದ ಮೊದಲ ದೊಡ್ಡ ದಾಳಿ ಅದು. ದಾಳಿಗೆ ಇಳಿದ ಪಡೆಯಲ್ಲಿ ಅರ್ಧದಷ್ಟು ಭಾರತೀಯರು. ಹಳ್ಳಿ ಕೈಗೆ ಬಂತು, ಅದರಾಚೆಗೆ ಏನೂ ಸಿಗಲಿಲ್ಲ. ಭಾರತೀಯ ಪಡೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 4,200ಕ್ಕೂ ಹೆಚ್ಚು. ಗಢವಾಲಿನ ಗಬ್ಬರ್ ಸಿಂಗ್ ನೇಗಿ ಮೊದಲ ದಿನವೇ ಸತ್ತ, ಆಮೇಲೆ ಅವನಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಮುಂದಿನ ತಿಂಗಳು, ಏಪ್ರಿಲ್ 22ರಂದು ಜರ್ಮನ್ನರು ಈಪ್ರದಲ್ಲಿ ಕ್ಲೋರಿನ್ ಅನಿಲ ಬಿಟ್ಟರು. ನಾಲ್ಕು ದಿನದ ನಂತರ ಲಾಹೋರ್ ಡಿವಿಷನ್ ಬಯಲಿನಲ್ಲಿ ಎದುರುದಾಳಿ ನಡೆಸಬೇಕಾಯಿತು. ಕೆಮಿಸ್ಟ್ರಿ ಓದಿದವರಿಗೆ ಕ್ಲೋರಿನ್ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅವರ ಬಳಿ ಮುಖವಾಡ ಇರಲಿಲ್ಲ, ಒದ್ದೆ ಬಟ್ಟೆ ಇತ್ತು.

1915ರ ಕೊನೆಗೆ ಭಾರತೀಯ ಪದಾತಿ ಪಡೆಯನ್ನು ಫ್ರಾನ್ಸ್‌ನಿಂದ ತೆಗೆದು ಮೆಸಪಟೋಮಿಯಾಕ್ಕೆ, ಅಂದರೆ ಇಂದಿನ ಇರಾಕ್‌ಗೆ ಕಳಿಸಿದರು. ಕುದುರೆ ದಳಗಳು 1918ರ ಆರಂಭದವರೆಗೂ ಉಳಿದವು. 1917ರಲ್ಲಿ ಇನ್ನೊಂದು ಅಲೆ ಬಂತು, ಬಂದೂಕು ಇಲ್ಲದವರದು. ಮಣಿಪುರ, ನಾಗಾ ಮತ್ತು ಲುಶಾಯ್ ಬೆಟ್ಟ, ಸಂತಾಲ ಸೀಮೆಯಿಂದ ಸುಮಾರು 50,000 ಕೂಲಿಗಳು. ರಸ್ತೆ, ಮರ, ಕಲ್ಲಿದ್ದಲು, ಹೆಣ, ಎಲ್ಲವನ್ನೂ ಹೊತ್ತವರು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜನೆ ಹಾಕಿದ್ದೇನೆ. ಒಟ್ಟು ಖರ್ಚು 250 ಯೂರೋ ದಾಟಬಾರದು ಎಂಬುದು ನನ್ನ ಲಕ್ಷ್ಮಣರೇಖೆ. ಅದರಲ್ಲಿ ಹೆಚ್ಚಿನದು ಎರಡು ರಾತ್ರಿಯ ಹಾಸ್ಟೆಲ್‌ಗೆ ಮತ್ತು ರೈಲಿಗೆ ಹೋಗುತ್ತದೆ. ಊಟಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ನಾಚಿಕೆಯ ವಿಷಯವಲ್ಲ, ಇಲ್ಲಿನ ನಮ್ಮವರೆಲ್ಲ ಮಾಡುವುದೇ ಅದು.

ಮೊದಲ ದಿನ ಆಹೆನ್‌ನಿಂದ ಲಿಯೇಜ್, ಬ್ರಸೆಲ್ಸ್, ಕೋರ್ಟ್‌ರೆಕ್ ಮೇಲೆ ಈಪ್ರ. ರೈಲಿನ ಫಲಕದಲ್ಲಿ ‘ಈಪರ್’ ಎಂದಿರುತ್ತದೆ, ಅಲ್ಲಿನ ಡಚ್ ಹೆಸರು ಅದು. ಮಧ್ಯಾಹ್ನ ತಲುಪಿದರೆ ಬಟ್ಟೆ ಮಾರುಕಟ್ಟೆಯ ಹಳೆಯ ಭವನದಲ್ಲಿರುವ ಇನ್ ಫ್ಲಾಂಡರ್ಸ್ ಫೀಲ್ಡ್ಸ್ ವಸ್ತುಸಂಗ್ರಹಾಲಯ ನೋಡಬಹುದು. ಆ ಭವನ ಮಧ್ಯಯುಗದ್ದು ಅನ್ನಿಸುತ್ತದೆ, ಆದರೆ ನಿಂತಿರುವುದು ಯುದ್ಧದ ನಂತರ ಕಲ್ಲಿನ ಮೇಲೆ ಕಲ್ಲಿಟ್ಟು ಮತ್ತೆ ಕಟ್ಟಿದ್ದು. ಈ ಸಂಗ್ರಹಾಲಯದವರು ಮಾಡುತ್ತಿರುವ ಒಂದು ಕೆಲಸ ನನಗೆ ತುಂಬ ಹಿಡಿಸಿದೆ. ಬೆಲ್ಜಿಯಂ ನೆಲದಲ್ಲಿ ಯುದ್ಧದಿಂದ ಸತ್ತ ಎಲ್ಲರ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸುತ್ತಿದ್ದಾರೆ. ಮಿತ್ರ–ಶತ್ರು, ಸೈನಿಕ–ನಾಗರಿಕ ಎಂಬ ಬೇಧ ಅದರಲ್ಲಿಲ್ಲ.

ಸಂಜೆ ಎಂಟಕ್ಕೆ ಮೆನಿನ್ ಗೇಟ್. 1927ರಲ್ಲಿ ತೆರೆದ ಈ ಕಮಾನಿನ ಗೋಡೆಗಳ ಮೇಲೆ, ದೇಹ ಸಿಗದ ಅಥವಾ ಗುರುತು ಸಿಗದ 54,000ಕ್ಕೂ ಹೆಚ್ಚು ಮಂದಿಯ ಹೆಸರಿದೆ. ಅದರಲ್ಲಿ 400ಕ್ಕೂ ಹೆಚ್ಚು ಭಾರತೀಯರು. 1928ರಿಂದ ಪ್ರತಿದಿನ ರಾತ್ರಿ ಎಂಟಕ್ಕೆ ರಸ್ತೆ ಸಂಚಾರ ನಿಲ್ಲಿಸಿ ಕಹಳೆಯಲ್ಲಿ ‘ಲಾಸ್ಟ್ ಪೋಸ್ಟ್’ ನುಡಿಸುತ್ತಾರೆ. ನುಡಿಸುವವರು ಊರಿನ ಸ್ವಯಂಸೇವಕರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರನ್ನು ಹಿಡಿದಿದ್ದಾಗ ಮಾತ್ರ ಇಲ್ಲಿ ಕಹಳೆ ನಿಂತಿತ್ತು. 1944ರ ಸೆಪ್ಟೆಂಬರ್ 6ರಂದು ಪೋಲೆಂಡಿನ ಸೈನಿಕರು ಊರನ್ನು ಬಿಡಿಸಿದ ಅದೇ ಸಂಜೆ ಮತ್ತೆ ಶುರುವಾಯಿತು. ಟಿಕೆಟ್ ಇಲ್ಲ, ಕಾಸಿಲ್ಲ. ಬೇಗ ಹೋಗಿ ನಿಂತರೆ ಸಾಕು. ಚಪ್ಪಾಳೆ ತಟ್ಟಬಾರದು ಎಂಬುದೊಂದೇ ರೂಢಿ.

ಎರಡನೇ ದಿನ ಬಾಡಿಗೆ ಸೈಕಲ್. ಇದು ಸಪಾಟು ನಾಡು, ಏರಿಳಿತ ಕಡಿಮೆ. ಹಾಗಿದ್ದೂ ಅರವತ್ತು ಅಡಿ ಎತ್ತರದ ದಿಬ್ಬಕ್ಕಾಗಿ ಸಾವಿರಾರು ಜನ ಸತ್ತರು ಎಂಬುದು ಸೈಕಲ್ ತುಳಿದರೆ ಕಾಲಿಗೇ ಅರ್ಥವಾಗುತ್ತದಂತೆ. ಪೂರ್ವಕ್ಕೆ ಟೈನ್ ಕಾಟ್ ಇದೆ, ಕಾಮನ್‌ವೆಲ್ತ್ ಸ್ಮಶಾನಗಳಲ್ಲಿ ಜಗತ್ತಿಗೇ ದೊಡ್ಡದು. ಸುಮಾರು 12,000 ಸಮಾಧಿಗಳು, 8,300ಕ್ಕೂ ಹೆಚ್ಚಿನವುಗಳಲ್ಲಿ ಮಲಗಿರುವವರು ಯಾರೆಂದು ಗೊತ್ತಿಲ್ಲ. ಉತ್ತರಕ್ಕೆ ಲಾಂಗೆಮಾರ್ಕ್, ಜರ್ಮನ್ನರ ಸ್ಮಶಾನ. ಅಲ್ಲಿ 44,000ಕ್ಕೂ ಹೆಚ್ಚು ಮಂದಿ. ಅರ್ಧಕ್ಕಿಂತ ಹೆಚ್ಚು ಜನ ಒಂದೇ ದೊಡ್ಡ ಗುಂಡಿಯಲ್ಲಿ. ಗೆದ್ದವರಿಗೆ ಬಿಳಿ ಕಲ್ಲು ಮತ್ತು ಗುಲಾಬಿ ಗಿಡ, ಸೋತವರಿಗೆ ಕಪ್ಪು ಕಲ್ಲು ಮತ್ತು ಓಕ್ ಮರದ ನೆರಳು. ಎರಡನ್ನೂ ಒಂದೇ ದಿನ ನೋಡಬೇಕು ಎಂದು ನಿರ್ಧರಿಸಿದ್ದೇನೆ. ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಜರ್ಮನ್ ಹುಡುಗನ ಮುತ್ತಜ್ಜನ ತಮ್ಮ ಅಲ್ಲೆಲ್ಲೋ ಇದ್ದಾನಂತೆ, ಅವರ ಮನೆಯಲ್ಲಿ ಇದುವರೆಗೆ ಯಾರೂ ಹೋಗಿಲ್ಲ.

ಮೂರನೇ ದಿನ ಲಿಲ್ ನಗರದ ಮೇಲೆ ಲಾ ಬಾಸೆ ಸ್ಟೇಷನ್‌ಗೆ. ಅಲ್ಲಿಂದ ನವ್ ಶಪೆಲ್ ಐದು ಕಿಲೋಮೀಟರ್, ನಡೆದು ಹೋಗುವುದು. ನಾಲ್ಕು ರಸ್ತೆ ಸೇರುವ ಜಾಗದಲ್ಲಿ ಭಾರತೀಯ ಸ್ಮಾರಕ ನಿಂತಿದೆ. ಹರ್ಬರ್ಟ್ ಬೇಕರ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. ದೆಹಲಿಯ ಸೆಕ್ರೆಟರಿಯೇಟ್ ಕಟ್ಟಡಗಳೂ ಅವನದೇ. ವೃತ್ತಾಕಾರದ ಅಂಗಳ, ಸುಮಾರು 15 ಮೀಟರ್ ಎತ್ತರದ ಕಂಬ, ಅಶೋಕನ ಸ್ತಂಭದ ನೆನಪು ತರುವಂಥದ್ದು, ತಲೆಯಲ್ಲಿ ಕಮಲ, ಬುಡದ ಇಕ್ಕೆಲದಲ್ಲಿ ಹುಲಿಗಳು. ಕಂಬದ ನೆತ್ತಿಯ ಮೇಲೆ ಬ್ರಿಟಿಷ್ ಕಿರೀಟವೂ ಉಂಟು, ಅದನ್ನು ಮರೆಯುವ ಹಾಗಿಲ್ಲ. 1927ರಲ್ಲಿ ತೆರೆದದ್ದು. ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳು, ಸಿಪಾಯಿಗಳದೂ ಕೂಲಿಗಳದೂ. ಹತ್ತಿರದಲ್ಲೇ ಪೋರ್ಚುಗಲ್ ಸೈನಿಕರ ಸ್ಮಶಾನ. ಅವರ ದೇಶದವರೂ ‘ನಾವೇಕೆ ಇಲ್ಲಿ ಸತ್ತೆವು’ ಎಂದು ಇನ್ನೂ ಕೇಳಿಕೊಳ್ಳುತ್ತಿರಬಹುದು.

ಸೋಮ್ ನದಿಯ ಯುದ್ಧಭೂಮಿಯನ್ನು ಪಟ್ಟಿಯಿಂದ ಕೈಬಿಟ್ಟಿದ್ದೇನೆ. 1916ರ ಜುಲೈ 1ರ ಒಂದೇ ದಿನ ಬ್ರಿಟಿಷ್ ಪಡೆಯಲ್ಲಿ 19,240 ಮಂದಿ ಸತ್ತ ಜಾಗ ಅದು, ಬಿಡಲು ಮನಸ್ಸು ಒಪ್ಪಲಿಲ್ಲ. ಅಲ್ಲೇ ಜುಲೈ 14ರಂದು ಡೆಕ್ಕನ್ ಹಾರ್ಸ್ ಎಂಬ ಕುದುರೆ ದಳ ಭರ್ಜಿ ಹಿಡಿದು ಗೋಧಿ ಹೊಲದೊಳಗೆ ನುಗ್ಗಿತ್ತು. ಹೈದರಾಬಾದ್ ಕಂಟಿಂಜೆಂಟ್‌ನಿಂದ ಹುಟ್ಟಿದ ದಳ, ಅಂದರೆ ನಮ್ಮ ಕಲ್ಯಾಣ ಕರ್ನಾಟಕವೂ ಸೇರಿದ್ದ ನಿಜಾಮನ ಸೀಮೆಯದು. ಆದರೆ ಮೂರು ದಿನಕ್ಕೆ ನಾಲ್ಕನೆಯ ಊರು ತುರುಕಿದರೆ ನೋಡುವುದು ಬಸ್ಸಿನ ಕಿಟಕಿಯನ್ನೇ. ಸ್ಮಾರಕಗಳಲ್ಲಿ ಹೆಸರು ಓದಲು ಹೊತ್ತು ಬೇಕು.

ಈ ಹೆಸರು ಓದುವ ವಿಚಾರಕ್ಕೆ ಬರುತ್ತೇನೆ, ನನ್ನ ತಲೆ ಕೆಡಿಸಿದ್ದು ಅದೇ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆ ಈ ಸಮಾಧಿಗಳನ್ನೆಲ್ಲ ನೋಡಿಕೊಳ್ಳುತ್ತದೆ. 1917ರಲ್ಲಿ ಹುಟ್ಟಿದ ಸಂಸ್ಥೆ. ಸತ್ತ ಪ್ರತಿಯೊಬ್ಬನಿಗೂ ಹೆಸರಿನಿಂದ ಗೌರವ, ಹುದ್ದೆ–ಜನಾಂಗ–ಧರ್ಮದ ಭೇದವಿಲ್ಲ ಎಂಬುದು ಅದರ ತತ್ವ. ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಹೆಸರು ಹುಡುಕಬಹುದು. ಎಷ್ಟೋ ದಾಖಲೆಗಳಲ್ಲಿ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ ಕೂಡ ಇರುತ್ತವೆ. ನಾನೂ ಬಳ್ಳಾರಿ, ಧಾರವಾಡ, ಮೈಸೂರು, ಕೊಡಗು ಎಂದೆಲ್ಲ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ ಎರಡು ರಾತ್ರಿ ಹುಡುಕಿದೆ. ಈಪ್ರದಲ್ಲಿ, ನವ್ ಶಪೆಲ್‌ನಲ್ಲಿ ಕನ್ನಡ ನಾಡಿನ ನಂಟು ತೀರ ತೆಳು.

ಕಾರಣ ಸರಳ. ನಮ್ಮ ಕಡೆಯ ಪಡೆಗಳು ಹೋದದ್ದು ಬೇರೆಡೆಗೆ. ಬೆಂಗಳೂರಿನಲ್ಲಿ ಕೇಂದ್ರವಿದ್ದ ಮದ್ರಾಸ್ ಸ್ಯಾಪರ್ಸ್ ತುಕಡಿಗಳು ಮೆಸಪಟೋಮಿಯಾದಲ್ಲಿ ಸೇತುವೆ ಕಟ್ಟಿದವು. ಬೆಳಗಾವಿ ಸೀಮೆಯ ಹುಡುಗರೂ ಸೇರುತ್ತಿದ್ದ ಮರಾಠಾ ಪಡೆಗಳು ಅಲ್ಲಿಯೇ ಕುತ್ ಎಂಬ ಊರಿನ ಮುತ್ತಿಗೆಯಲ್ಲಿ ಸಿಕ್ಕಿಕೊಂಡು, 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾದವು. ಮೈಸೂರು ಮಹಾರಾಜರ ಕುದುರೆ ಸೈನ್ಯ, ಮೈಸೂರು ಲ್ಯಾನ್ಸರ್ಸ್, ಈಜಿಪ್ಟ್‌ನಿಂದ ಗಾಜಾ ದಾಟಿ ಹೈಫಾ ತನಕ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ ಹೈಫಾ ಗೆದ್ದದ್ದು ಪಿಯುಸಿ ಪುಸ್ತಕದಲ್ಲಿ ಇಲ್ಲದಿದ್ದರೂ ಕೆಪಿಎಸ್‌ಸಿ ಅಭ್ಯರ್ಥಿಗಳಿಗೆ ಬಾಯಿಪಾಠ. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಇದೇ ಪಡೆಯ ಸ್ಮಾರಕವಿದೆ. ಅದರ ಪಕ್ಕದಲ್ಲೇ ದಿನವೂ ಬಸ್ಸಿಗೆ ಕಾಯುವವರಿಗೆ ಅದು ಯಾರದೆಂದು ಗೊತ್ತಿಲ್ಲ.

ಹಾಗಾದರೆ ನ್ಯಾಯವಾಗಿ ನಾನು ಹೈಫಾಕ್ಕೆ ಹೋಗಬೇಕಿತ್ತು. ಆದರೆ 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳು ಬಿದ್ದ ಊರು ಅದು. ಗಾಜಾದ ಕಾಮನ್‌ವೆಲ್ತ್ ಸ್ಮಶಾನದಲ್ಲಿ ಮೊದಲನೇ ಮಹಾಯುದ್ಧದ 3,000ಕ್ಕೂ ಹೆಚ್ಚು ಸಮಾಧಿಗಳಿವೆ. ಈಗಿನ ಯುದ್ಧದಲ್ಲಿ ಅವುಗಳಿಗೂ ಹಾನಿಯಾಗಿದೆ. ಬದುಕಿರುವವರೇ ಸಾವಿರಗಟ್ಟಲೆ ಸಾಯುವಾಗ ಹಳೆಯ ಸಮಾಧಿಯ ಮಾತು ಎತ್ತಲು ಬಾಯಿ ಬರುವುದಿಲ್ಲ. ಇನ್ನು ಬಸ್ರಾ. ಅಲ್ಲಿಯ ಸ್ಮಾರಕ ಮೆಸಪಟೋಮಿಯಾದಲ್ಲಿ ಸತ್ತು ಸಮಾಧಿ ಇಲ್ಲದ 40,000ಕ್ಕೂ ಹೆಚ್ಚು ಮಂದಿಗಾಗಿ ಕಟ್ಟಿದ್ದು. ಅದನ್ನು 1997ರಲ್ಲಿ ಸದ್ದಾಂ ಹುಸೇನ್ ಆಜ್ಞೆಯಂತೆ ಊರಾಚೆ 32 ಕಿಲೋಮೀಟರ್ ದೂರದ ಮರಳುಗಾಡಿಗೆ ಸಾಗಿಸಲಾಯಿತು.

ಬಸ್ರಾ ಸ್ಮಾರಕದ ಗೋಡೆಯಲ್ಲಿ ಇನ್ನೊಂದು ಸಂಗತಿ ಇದೆ. ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದೆ, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದೆ. ಸಾಮಾನ್ಯ ಭಾರತೀಯ ಸಿಪಾಯಿಗೆ ಹೆಸರಿಲ್ಲ. ಇಂಥ ರೆಜಿಮೆಂಟ್, ಇಷ್ಟು ಮಂದಿ ಎಂಬ ಲೆಕ್ಕ ಮಾತ್ರ. ಯುರೋಪಿನಲ್ಲಿ ಯುರೋಪಿಯನ್ನರ ಕಣ್ಣಿಗೆ ಬೀಳುವ ಕಡೆ ಸಿಪಾಯಿಗೂ ಹೆಸರು ಸಿಕ್ಕಿತು, ಕಣ್ಣಿಗೆ ಬೀಳದ ಕಡೆ ಅವನು ಅಂಕಿಯಾದ. ಇದು ನನ್ನ ಊಹೆಯಲ್ಲ. ಕಮಿಷನ್ ತಾನೇ ನೇಮಿಸಿದ ಸಮಿತಿಯೊಂದು 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಭಾರತ, ಆಫ್ರಿಕಾ, ಈಜಿಪ್ಟ್ ಮೊದಲಾದೆಡೆಯ 45,000ದಿಂದ 54,000 ಮಂದಿಯನ್ನು ಬಿಳಿಯರಿಗೆ ಸಮನಾಗಿ ಸ್ಮರಿಸಿಲ್ಲ. ಇನ್ನೂ ಕನಿಷ್ಠ 1,16,000, ಪ್ರಾಯಶಃ 3,50,000ದಷ್ಟು ಮಂದಿಯನ್ನು ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ಅದು ಹೇಳಿತು. ಕಮಿಷನ್ ಕ್ಷಮೆ ಕೇಳಿತು. ಆಮೇಲೆ ಕೆಲಸವೂ ನಡೆದಿದೆ; 2025ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕಾದ 1,700ಕ್ಕೂ ಹೆಚ್ಚು ಕಪ್ಪು ಕಾರ್ಮಿಕರ ಹೆಸರಿನ ಸ್ಮಾರಕ ತೆರೆಯಿತು. ನೂರು ವರ್ಷ ತಡ, ಆದರೂ ಹೆಸರು ಸಿಕ್ಕಿತು.

ನಾವೂ ಕೈ ತೋರಿಸಿ ಸುಮ್ಮನಾಗುವಂತಿಲ್ಲ. ಆ ಯುದ್ಧದಲ್ಲಿ ಅವಿಭಜಿತ ಭಾರತದ ಸುಮಾರು 74,000 ಮಂದಿ ಸತ್ತರು. ದೆಹಲಿಯ ಇಂಡಿಯಾ ಗೇಟ್ ಮೇಲೆ ಕೆತ್ತಿರುವ ಹೆಸರುಗಳು 13,000ದ ಆಸುಪಾಸು. ನಮ್ಮ ಶಾಲಾ ಪಠ್ಯದಲ್ಲಿ ಅವರು ಒಂದು ವಾಕ್ಯ. ಬ್ರಿಟಿಷರಿಗಾಗಿ ಸತ್ತವರು ಎಂಬ ಮುಜುಗರ ಸ್ವಾತಂತ್ರ್ಯದ ನಂತರ ನಮಗಿತ್ತು. ಈಗ ಅದೇ ಜನರನ್ನು ದೇಶಕ್ಕಾಗಿ ಸತ್ತ ವೀರರು ಎನ್ನುತ್ತಿದ್ದೇವೆ. ಎರಡೂ ಪೂರ್ತಿ ಸರಿಯಲ್ಲ. ಬಹುತೇಕರು ಸಂಬಳಕ್ಕೆ, ಮರ್ಯಾದೆಗೆ, ಮನೆಯ ಸಾಲಕ್ಕೆ, ಕೆಲವರು ಒತ್ತಾಯಕ್ಕೆ ಹೋದವರು. ಅವರ ಪತ್ರಗಳನ್ನು ಸೇನೆಯ ಸೆನ್ಸಾರ್ ಕಚೇರಿ ತೆರೆದು ಅನುವಾದಿಸಿ ಇಟ್ಟುಕೊಂಡಿದ್ದರಿಂದ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಇಲ್ಲಿ ಜರ್ಮನಿಯಲ್ಲೂ ಒಂದು ಕುರುಹು ಇದೆ. ಬರ್ಲಿನ್ ಹತ್ತಿರದ ವುನ್ಸ್‌ಡಾರ್ಫ್ ಶಿಬಿರದಲ್ಲಿ ಸೆರೆಯಾಳುಗಳ ದನಿಯನ್ನು ಜರ್ಮನ್ ಪಂಡಿತರು ಭಾಷಾ ಅಧ್ಯಯನಕ್ಕೆಂದು ಮುದ್ರಿಸಿಕೊಂಡಿದ್ದರು. 1916ರ ಡಿಸೆಂಬರ್‌ನಲ್ಲಿ ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ತನ್ನ ಕತೆಯನ್ನು ಬೇರೊಬ್ಬನ ಕತೆಯಂತೆ ಹೇಳುತ್ತಾನೆ, ಊರಲ್ಲಿ ತಿಂದ ಬೆಣ್ಣೆ ನೆನೆಯುತ್ತಾನೆ, ಊರಿಗೆ ಹೋಗಬೇಕು ಎನ್ನುತ್ತಾನೆ. ಅದರಲ್ಲಿ ದೇಶವೂ ಇಲ್ಲ, ಚಕ್ರವರ್ತಿಯೂ ಇಲ್ಲ. ಆ ಶಿಬಿರದ ಬಳಿಯ ಜೆಹ್ರೆನ್ಸ್‌ಡಾರ್ಫ್ ಸ್ಮಶಾನದಲ್ಲಿ ಸೆರೆಯಲ್ಲೇ ಸತ್ತ 206 ಭಾರತೀಯರು ಇದ್ದಾರೆ. ಮುಂದಿನ ಸೆಮಿಸ್ಟರ್ ರಜೆ ಅದಕ್ಕೆ.

ಇದೆಲ್ಲ ಹಳೆಯ ಕತೆ ಎನ್ನುವ ಹಾಗೂ ಇಲ್ಲ. ಕಲಬುರಗಿಯ ಮೂವರು ಯುವಕರು ಕೆಲಸದ ಆಸೆಗೆ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದದ್ದು ನಿಮಗೆ ನೆನಪಿರಬೇಕು. ಸೆಕ್ಯುರಿಟಿ ಕೆಲಸ, ಸಹಾಯಕನ ಕೆಲಸ ಎಂದು ಕರೆದೊಯ್ದು, ಅರ್ಥವಾಗದ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿಸಿ ಉಕ್ರೇನ್ ಗಡಿಗೆ ದಾಟಿಸಿದ್ದರು. ಕಂದಕ ತೋಡಿಸಿದರು ಎಂದು ಬಂದವರು ಹೇಳಿದರು. 2024ರ ಸೆಪ್ಟೆಂಬರ್‌ನಲ್ಲಿ ಅವರು ಮನೆಗೆ ಮರಳಿದ್ದು ಪುಣ್ಯ. ಎಲ್ಲರಿಗೂ ಆ ಪುಣ್ಯ ಇರಲಿಲ್ಲ: 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ ರಷ್ಯಾ ಸೇನೆಗೆ ಸೇರಿದ ಭಾರತೀಯರು 126, ಅದರಲ್ಲಿ ಸತ್ತವರು 12, ಪತ್ತೆಯಿಲ್ಲದವರು 16. ಅದರ ನಂತರವೂ ನೇಮಕ ನಿಂತಿಲ್ಲವೆಂಬ ಸುದ್ದಿಗಳು ಬರುತ್ತಲೇ ಇವೆ. ಈ ಸತ್ತವರ ಹೆಸರು ಯಾವ ಗೋಡೆಯ ಮೇಲೆ ಬರುತ್ತದೆ? ಅವರು ರಷ್ಯಾದ ವೀರರೂ ಅಲ್ಲ, ಭಾರತದ ಹುತಾತ್ಮರೂ ಅಲ್ಲ. 11 ರೂಪಾಯಿಯ ಸಿಪಾಯಿಗೆ ನವ್ ಶಪೆಲ್‌ನಲ್ಲಿ ಒಂದು ಸಾಲಾದರೂ ಸಿಕ್ಕಿತು.

ಕೆಲಸ ಹುಡುಕುತ್ತಿರುವ ಓದುಗರಿಗೆ ಅದಕ್ಕೇ ಒಂದು ಮಾತು. ವಿದೇಶದ ಉದ್ಯೋಗವೆಂದು ಯಾರಾದರೂ ಹೇಳಿದರೆ ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ–ಮೈಗ್ರೇಟ್ ತಾಣದಲ್ಲಿ ನೋಡಿ. ಹೋಗುವುದು ಟೂರಿಸ್ಟ್ ವೀಸಾದಲ್ಲಿ, ಆಮೇಲೆ ಬದಲಿಸಿಕೊಡುತ್ತೇವೆ ಎಂದರೆ ಅಲ್ಲೇ ಎದ್ದು ಬನ್ನಿ. ನಿಮಗೆ ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಬೇಡ.

ಇನ್ನು ಇಂಥ ಪ್ರವಾಸ ಮಾಡಬೇಕೆನ್ನುವವರಿಗೆ. ಜರ್ಮನಿಯ ವಿದ್ಯಾರ್ಥಿ ಪರವಾನಗಿ ಇದ್ದರೆ ಬೆಲ್ಜಿಯಂ, ಫ್ರಾನ್ಸ್‌ಗೆ ಬೇರೆ ವೀಸಾ ಬೇಡ, 180 ದಿನಗಳಲ್ಲಿ 90 ದಿನ ಓಡಾಡಬಹುದು. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಎರಡೂ ಜೇಬಿನಲ್ಲಿರಲಿ, ಗಡಿಯಲ್ಲಿ ಈಚೆಗೆ ತಪಾಸಣೆ ಹೆಚ್ಚು. ಕರ್ನಾಟಕದಿಂದ ಬರುವವರಿಗೆ ಶೆಂಗೆನ್ ವೀಸಾ ಬೇಕು: ಶುಲ್ಕ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಸೇವಾ ಶುಲ್ಕ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. 2024ರಲ್ಲಿ ಭಾರತೀಯರ ಅರ್ಜಿಗಳಲ್ಲಿ ನೂರಕ್ಕೆ ಸುಮಾರು 15 ತಿರಸ್ಕೃತವಾದವು, ಶುಲ್ಕ ಮಾತ್ರ ವಾಪಸ್ ಇಲ್ಲ. 1914ರಲ್ಲಿ ಇದೇ ನೆಲಕ್ಕೆ ಬರಲು ನಮ್ಮವರಿಗೆ ಯಾವ ಕಾಗದವೂ ಬೇಕಿರಲಿಲ್ಲ ಎಂಬುದು ಅರ್ಜಿ ತುಂಬುವಾಗ ನೆನಪಾದರೆ ತಪ್ಪು ನಿಮ್ಮದಲ್ಲ.

ಹಣವಿಲ್ಲದಿದ್ದರೆ ಹುಡುಕಾಟವಾದರೂ ಮಾಡಿ. ಯುದ್ಧಕ್ಕೆ ಜನ ಕಳಿಸಿದ ಹಳ್ಳಿಗಳಲ್ಲಿ, ‘ಈ ಊರಿನಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಸತ್ತರು’ ಎಂದು ಬರೆದ ಸಣ್ಣ ಕಲ್ಲುಗಳನ್ನು ಬ್ರಿಟಿಷರು ದೇಶದ ಹಲವೆಡೆ ನೆಡಿಸಿದ್ದರು. ಅವುಗಳಲ್ಲೂ ಬಹುಪಾಲು ಬರೀ ಸಂಖ್ಯೆ. ನಿಮ್ಮೂರ ಚಾವಡಿ, ಹಳೆಯ ಶಾಲೆ, ತಾಲ್ಲೂಕು ಕಚೇರಿಯ ಗೋಡೆ ಒಮ್ಮೆ ನೋಡಿ. ಅಂಥ ಕಲ್ಲು ಸಿಕ್ಕರೆ ಊರಿನ ಹಿರಿಯರನ್ನು ಕೇಳಿ ಹೆಸರು ಬರೆದಿಟ್ಟುಕೊಳ್ಳಿ, ಕಮಿಷನ್ ತಾಣದ ದಾಖಲೆಯೊಂದಿಗೆ ತಾಳೆ ನೋಡಿ. ದಾಖಲೆಯಲ್ಲಿ ಇಲ್ಲದವರ ಬಗ್ಗೆ ಪುರಾವೆ ಕಳಿಸಿದರೆ ಸೇರಿಸುವ ವ್ಯವಸ್ಥೆಯೂ ಅಲ್ಲಿದೆ. ಇತಿಹಾಸ ಎಂ.ಎ. ಮಾಡುವವರಿಗೆ ಪ್ರಾಜೆಕ್ಟ್ ವಿಷಯ ಹುಡುಕುವ ತಲೆನೋವೂ ತಪ್ಪೀತು.

ನಾನು ನವ್ ಶಪೆಲ್ ಗೋಡೆಯ ಹೆಸರುಗಳಲ್ಲಿ ಇಪ್ಪತ್ತನ್ನು ಆಯ್ದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಹತ್ತು ಸಿಪಾಯಿಗಳು, ಹತ್ತು ಕೂಲಿಗಳು. ಯಾರೂ ಪದಕ ಪಡೆದವರಲ್ಲ, ಯಾರೂ ನಮ್ಮ ರಾಜ್ಯದವರಲ್ಲ. ಬಾಗೇಶ್ವರ, ಝೇಲಂ, ರಾಂಚಿ ಕಡೆಯವರು. ಯಾವ ಫಲಕದಲ್ಲಿ ಯಾರಿದ್ದಾರೆಂದು ತಾಣದಲ್ಲೇ ಸಂಖ್ಯೆ ಕೊಟ್ಟಿರುತ್ತಾರೆ. ಲಾ ಬಾಸೆಗೆ ಬೆಳಗಿನ ರೈಲು ಹಿಡಿದರೆ ಸಂಜೆಯ ಲಿಲ್ ರೈಲಿನೊಳಗೆ ಅಷ್ಟನ್ನೂ ಹುಡುಕಿ ಓದಿ ಮುಗಿಸಬಹುದು ಎಂದು ಲೆಕ್ಕ ಹಾಕಿದ್ದೇನೆ.